ಹೈಡ್ರೋಜೆಲ್: ಮೊದಲು ನಿಮ್ಮ ನೀರಿನಲ್ಲಿ ಅಳೆಯಿರಿ, ಆಮೇಲೆ ಮಣ್ಣಿಗೆ ಹಾಕಿ

ನಾಲ್ಕು ವರ್ಷದ ಹಿಂದೆ ನಮ್ಮ ತಾರಸಿಯ ಕುಂಡಗಳಿಗೆ ಮೊದಲ ಸಲ ಹೈಡ್ರೋಜೆಲ್ ಹಾಕಿದೆ. ಸಕ್ಕರೆ ಹರಳಿನಂಥ ಬಿಳಿ ಕಾಳು. ಪೊಟ್ಟಣದ ಮೇಲೆ ‘ತನ್ನ ತೂಕದ 400 ಪಟ್ಟು ನೀರು ಹೀರುತ್ತದೆ’ ಎಂದು ಅಚ್ಚಾಗಿತ್ತು. ಕುಂಡಕ್ಕೊಂದು ಹಿಡಿ ಕಾಳು ಕಲಸಿ ಟೊಮೆಟೊ ಸಸಿ ನೆಟ್ಟೆ. ಬೇಸಿಗೆಯುದ್ದಕ್ಕೂ ನಮ್ಮ ಸವಳು ಬೋರ್ ನೀರನ್ನೇ ಹಾಕಿದೆ. ಗಿಡಗಳು ಮಧ್ಯಾಹ್ನ ಎರಡು ಗಂಟೆಗೆ ಎಂದಿನಂತೆಯೇ ಜೋತುಬೀಳುತ್ತಿದ್ದವು. ಜೂನ್‌ನಲ್ಲಿ ಮಳೆ ಹಿಡಿದ ಮೂರನೇ ದಿನ ಮೇಲೆ ಹೋಗಿ ನೋಡಿದರೆ ಕುಂಡದ ಮಣ್ಣು ಅಂಚು ಮೀರಿ ಎದ್ದಿತ್ತು. ಗೋಲಿಯಷ್ಟು ದಪ್ಪದ ಲೋಳೆ ಉಂಡೆಗಳು ಮಣ್ಣು ಸೀಳಿಕೊಂಡು ಹೊರಗೆ ಬಂದಿದ್ದವು, ಎರಡು ಗಿಡ ಬೇರು ಕಿತ್ತುಕೊಂಡು ವಾಲಿದ್ದವು.

ಅದೇ ಕಾಳು, ಅದೇ ಮಣ್ಣು. ಬದಲಾಗಿದ್ದು ನೀರು ಮಾತ್ರ. ಹೈಡ್ರೋಜೆಲ್ ಎಂದರೆ ನೀರು ತುಂಬಿಡುವ ಡಬ್ಬಿಯಲ್ಲ, ಸುತ್ತಲಿನ ಉಪ್ಪು, ಹುಳಿ, ಸುಣ್ಣ, ಬಿಸಿಗೆ ಸ್ಪಂದಿಸುತ್ತಲೇ ಇರುವ ವಸ್ತು ಎಂದು ಅವತ್ತು ಅರ್ಥವಾಯಿತು. ಆ ಸ್ವಭಾವ ತಿಳಿಯದೆ ಬಳಸಿದರೆ ದುಡ್ಡೂ ದಂಡ, ಗಿಡವೂ ದಂಡ. ತಿಳಿದು ಬಳಸಿದರೆ ತಾರಸಿ ತೋಟಕ್ಕೆ, ಸಸಿಮಡಿಗೆ, ಮಳೆ ನಂಬಿದ ಕೆಮ್ಮಣ್ಣಿನ ಹೊಲಕ್ಕೆ ಇದು ನಿಜವಾಗಿಯೂ ಆಸರೆ. ಅಡುಗೆಮನೆಯ ಕಟ್ಟೆಯ ಮೇಲೆ ಅಳೆಯುವುದರಿಂದ ಹಿಡಿದು ಮಣ್ಣಿಗೆ ಸೇರಿಸುವವರೆಗಿನ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಲೋಳೆಯ ಒಳಗೆ ಏನಿದೆ

ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿ ಐದು ನಿಮಿಷ ಬಿಟ್ಟು ನೋಡಿದವರಿಗೆ ಹೈಡ್ರೋಜೆಲ್ ಹೊಸದಲ್ಲ. ಕಪ್ಪು ಬೀಜದ ಸುತ್ತ ಬೂದು ಬಣ್ಣದ, ಬೆಳಕು ಹಾಯುವ ಲೋಳೆ ಕವಚ ಕಟ್ಟಿಕೊಳ್ಳುತ್ತದೆ. ಬೆರಳಲ್ಲಿ ಹಿಡಿದರೆ ಜಾರುತ್ತದೆ, ಆದರೆ ಒತ್ತಿದರೂ ನೀರು ಸೋರುವುದಿಲ್ಲ. ಸ್ಪಂಜಿನಲ್ಲಿ ನೀರು ತೂತುಗಳಲ್ಲಿ ಕೂತಿರುತ್ತದೆ, ಹಿಂಡಿದರೆ ಹೊರಬರುತ್ತದೆ. ಲೋಳೆಯಲ್ಲಿ ಹಾಗಲ್ಲ. ಅಲ್ಲಿ ಉದ್ದುದ್ದ ಅಣುಗಳ ಎಳೆಗಳಿವೆ, ಅವು ಅಲ್ಲಲ್ಲಿ ಒಂದಕ್ಕೊಂದು ಗಂಟು ಬಿದ್ದು ಬಲೆಯಾಗಿವೆ, ನೀರು ಆ ಎಳೆಗಳಿಗೇ ಅಂಟಿಕೊಂಡಿದೆ. ಗಂಟೇ ಇಲ್ಲದಿದ್ದರೆ ಎಳೆಗಳು ಬಿಡಿಬಿಡಿಯಾಗಿ ನೀರಲ್ಲಿ ಕರಗಿಹೋಗುತ್ತವೆ. ಗಂಟು ಅತಿಯಾದರೆ ಬಲೆ ಹಿಗ್ಗಲಾರದು. ಎಷ್ಟು ಗಂಟು ಎಂಬುದರ ಮೇಲೆ ಅದು ಎಷ್ಟು ಉಬ್ಬುತ್ತದೆ, ಎಷ್ಟು ಗಟ್ಟಿಯಿರುತ್ತದೆ ಎಂಬುದು ನಿಂತಿದೆ.

ಮಗುವಿನ ಡೈಪರಿನಲ್ಲಿರುವ ಬಿಳಿ ಪುಡಿ ಸೋಡಿಯಂ ಪಾಲಿಅಕ್ರಿಲೇಟ್. ಮಣ್ಣಿಗೆ ಹಾಕುವ ಕಾಳು ಹೆಚ್ಚಾಗಿ ಅದರದೇ ಪೊಟ್ಯಾಸಿಯಂ ರೂಪ. ಇದರ ಎಳೆಗಳ ಮೇಲೆ ಉದ್ದಕ್ಕೂ ಋಣ ವಿದ್ಯುದಂಶ ಇರುತ್ತದೆ, ಅದಕ್ಕೆ ಜೋಡಿಯಾಗಿ ಸೋಡಿಯಂ ಅಥವಾ ಪೊಟ್ಯಾಸಿಯಂ ಅಯಾನುಗಳು, ಅಂದರೆ ಧನ ವಿದ್ಯುದಂಶ ಹೊತ್ತ ಕಣಗಳು, ಒಳಗೇ ಇರುತ್ತವೆ. ಹಾಗಾಗಿ ಜೆಲ್‌ನ ಒಳಗಡೆ ಹೊರಗಿಗಿಂತ ‘ಉಪ್ಪು’ ಜಾಸ್ತಿ. ಉಪ್ಪು ಜಾಸ್ತಿ ಇರುವ ಕಡೆಗೆ ನೀರು ನುಗ್ಗುತ್ತದೆ, ಉಪ್ಪು ಸವರಿದ ಮಾವಿನಕಾಯಿ ನೀರು ಬಿಡುವ ಹಾಗೆಯೇ. ಜೊತೆಗೆ ಒಂದೇ ಬಗೆಯ ವಿದ್ಯುದಂಶ ಹೊತ್ತ ಎಳೆಗಳು ಒಂದನ್ನೊಂದು ತಳ್ಳುವುದರಿಂದ ಬಲೆ ಇನ್ನಷ್ಟು ಅಗಲವಾಗುತ್ತದೆ. ಶುದ್ಧ ನೀರಿನಲ್ಲಿ ನೂರಾರು ಪಟ್ಟು ಉಬ್ಬುವುದು ಈ ಕಾರಣಕ್ಕೆ.

ಈಗ ಹೊರಗಿನ ನೀರೇ ಉಪ್ಪಾಗಿದ್ದರೆ? ಒಳಗೂ ಹೊರಗೂ ಅಂತರ ಕಡಿಮೆ, ಎಳೆತವೂ ಕಡಿಮೆ. ಆಸ್ಪತ್ರೆಯಲ್ಲಿ ಡ್ರಿಪ್ ಏರಿಸುವ ಸಲೈನ್‌ನಷ್ಟು ಉಪ್ಪು, ಅಂದರೆ ಲೀಟರಿಗೆ 9 ಗ್ರಾಂ ಇದ್ದರೆ ಸಾಕು, ನೂರಾರು ಪಟ್ಟು ಹೀರುತ್ತಿದ್ದ ಪುಡಿ 30ರಿಂದ 60 ಪಟ್ಟಿಗೆ ಇಳಿಯುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಇನ್ನೂ ಕೆಟ್ಟದ್ದು. ಅದಕ್ಕೆ ಎರಡು ಧನ ವಿದ್ಯುದಂಶ. ಎರಡು ಎಳೆಗಳನ್ನು ಎರಡು ಕೈಯಲ್ಲಿ ಹಿಡಿದು ಹೊಸ ಗಂಟು ಹಾಕಿಬಿಡುತ್ತದೆ. ಸಾದಾ ಉಪ್ಪಿನಿಂದ ಕುಗ್ಗಿದ ಜೆಲ್ ಒಳ್ಳೆಯ ನೀರು ಬಿದ್ದರೆ ಮತ್ತೆ ಉಬ್ಬುತ್ತದೆ. ಕ್ಯಾಲ್ಸಿಯಂ ಕಟ್ಟಿದ ಗಂಟು ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ನನ್ನ ಕುಂಡಗಳಲ್ಲಿ ನಡೆದದ್ದು ಮೊದಲನೆಯ ಕಥೆ: ಸವಳು ನೀರಿನಲ್ಲಿ ಮುದುಡಿ ಕೂತಿದ್ದ ಕಾಳುಗಳು ಮಳೆನೀರು ಕಂಡೊಡನೆ ಒಟ್ಟಿಗೆ ಎದ್ದಿದ್ದವು.

ಇಂಥ ಸ್ಪಂದನೆಯನ್ನೇ ಕೆಲಸಕ್ಕೆ ಹಚ್ಚಿದ ಚರಿತ್ರೆ ದೊಡ್ಡದು, ನಾಲ್ಕು ಮಾತಲ್ಲಿ ಹೇಳುತ್ತೇನೆ. ಪ್ರಾಗ್‌ನ ರಸಾಯನ ವಿಜ್ಞಾನಿಗಳಾದ ಒಟ್ಟೊ ವಿಖ್ಟರ್ಲೆ ಮತ್ತು ದ್ರಹೊಸ್ಲಾವ್ ಲಿಮ್ 1960ರಲ್ಲಿ ದೇಹಕ್ಕೆ ಒಗ್ಗುವ ನೀರುಜೆಲ್ ಬಗ್ಗೆ ಬರೆದರು. ಮರುವರ್ಷದ ಕ್ರಿಸ್‌ಮಸ್ ಹೊತ್ತಿಗೆ ವಿಖ್ಟರ್ಲೆ ಮಕ್ಕಳ ಜೋಡಿಸುವ ಆಟಿಕೆಯ ಬಿಡಿಭಾಗಗಳಿಂದಲೇ ಯಂತ್ರ ಮಾಡಿ, ಮನೆಯಲ್ಲಿಯೇ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ತಿರುಗಿಸಿ ತೆಗೆದರು. 1970ರ ದಶಕದಲ್ಲಿ ಅಮೆರಿಕದ ಪಿಯೋರಿಯಾದ ಸರ್ಕಾರಿ ಕೃಷಿ ಪ್ರಯೋಗಾಲಯ ಮೆಕ್ಕೆಜೋಳದ ಪಿಷ್ಟದಿಂದ ಭಾರಿ ನೀರು ಹೀರುವ ಪುಡಿ ಮಾಡಿತು. 1978ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಟೊಯೊಯಿಚಿ ತನಾಕ, ಸುತ್ತಲಿನ ದ್ರವ ಸ್ವಲ್ಪ ಬದಲಾದರೂ ಜೆಲ್ ಒಮ್ಮೆಗೇ ಕುಸಿಯಬಲ್ಲದು ಎಂದು ತೋರಿಸಿದರು. ಪಾಲಿ ಎನ್ ಐಸೊಪ್ರೊಪೈಲ್ ಅಕ್ರಿಲಮೈಡ್ ಎಂಬ ಜೆಲ್ ಸುಮಾರು 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕುಗ್ಗಿ ನೀರು ಕಕ್ಕುತ್ತದೆ. ನಮ್ಮ ಮೈಬಿಸಿ 37 ಆದ್ದರಿಂದ ಔಷಧ ವಿಜ್ಞಾನಿಗಳಿಗೆ ಅದರ ಮೇಲೆ ಬಹಳ ಆಸೆ. ಹೊಟ್ಟೆಯ ಹುಳಿಯಲ್ಲಿ ಮುದುಡಿಕೊಂಡಿದ್ದು ಕರುಳಿಗೆ ಇಳಿದ ಮೇಲೆ ಅರಳಿ ಮದ್ದು ಬಿಡುವ ಜೆಲ್‌ಗಳಿವೆ. ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರ ವಿಕಿರಣದಿಂದ ಗಂಟು ಹಾಕಿದ ಜೆಲ್ ಪಟ್ಟಿಯನ್ನು ಸುಟ್ಟಗಾಯಕ್ಕೆಂದು ರೂಪಿಸಿದೆ.

ಅಡುಗೆಮನೆಯ ಚೈನಾ ಗ್ರಾಸ್ ಕೂಡ ಇದೇ ಕುಲ. ತಣಿಯುವಾಗ 40 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಆದರೆ ಮತ್ತೆ ಕರಗಬೇಕಾದರೆ 85ರ ಹತ್ತಿರ ಕಾಯಬೇಕು. 1881ರಲ್ಲಿ ಜರ್ಮನಿಯಲ್ಲಿ ಫ್ಯಾನಿ ಹೆಸ್ಸೆ ಎಂಬ ಗೃಹಿಣಿ, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಕರಗಿಹೋಗುವ ಜೆಲಟಿನ್ ಬದಲು ಇದನ್ನು ಬಳಸಿ ನೋಡಿ ಎಂದು ಗಂಡನಿಗೆ ಹೇಳಿದ್ದು ಅದಕ್ಕೇ. ಇವತ್ತಿಗೂ ಪ್ರತಿ ರೋಗಪತ್ತೆ ಪ್ರಯೋಗಾಲಯದಲ್ಲಿ ಇರುವುದು ಆ ಅಡುಗೆಮನೆಯ ಅರಿವು.

ಹೆಜ್ಜೆ 1: ಸಾಮಾನು ಹೊಂದಿಸಿಕೊಳ್ಳಿ

ಅಳೆಯಲು ಬೇಕಾದದ್ದು: 0.01 ಗ್ರಾಂ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ, ಹಳೆಯ ಮಲ್ಲು ಬಟ್ಟೆ, ಮೂರು ನಾಲ್ಕು ಅಗಲ ಬಾಯಿಯ ಪಾತ್ರೆ, ಆರ್‌ಓ ನೀರು ಅಥವಾ ಶುದ್ಧವಾಗಿ ಹಿಡಿದ ಮಳೆನೀರು, ನೀವು ಗಿಡಕ್ಕೆ ದಿನಾ ಹಾಕುವ ನೀರು, ಅಡುಗೆ ಉಪ್ಪು, ಬಿಳಿ ವಿನೆಗರ್, ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್. ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಪ್ರಯೋಗಕ್ಕೆ ಪುಡಿ ಬೇಕಿದ್ದರೆ ಹೊಸ ಡೈಪರ್ ಒಂದನ್ನು ಕತ್ತರಿಸಿ, ದೊಡ್ಡ ಪ್ಲಾಸ್ಟಿಕ್ ಕವರಿನೊಳಗೆ ಬಾಯಿ ಬಿಗಿಹಿಡಿದು ಕುಲುಕಿ. ಹತ್ತಿಯಿಂದ ಉದುರಿ ಮೂಲೆಯಲ್ಲಿ ಪುಡಿ ಸೇರುತ್ತದೆ. ಮೂಗಿಗೆ ಮಾಸ್ಕ್ ಇರಲಿ. ಒಣಪುಡಿ ಮೂಗು, ಗಂಟಲಿನ ಪಸೆ ಹೀರಿ ಉರಿಸುತ್ತದೆ.

ಆದರೆ ಡೈಪರ್ ಪುಡಿಯನ್ನು ಮಣ್ಣಿಗೆ ಹಾಕಬೇಡಿ. ಬಳಸಿದ ಡೈಪರನ್ನಂತೂ ಖಂಡಿತ ಬೇಡ. ‘ಡೈಪರಿನಿಂದ ತೋಟ’ ಎಂದು ತೋರಿಸುವ ವಿಡಿಯೊಗಳನ್ನು ನೋಡಿ ನನಗೆ ಸಂಕಟವಾಗುತ್ತದೆ. ಅದರಲ್ಲಿರುವುದು ಸೋಡಿಯಂ. ಮಣ್ಣಿನಲ್ಲಿ ಸೋಡಿಯಂ ಸೇರಿದಷ್ಟೂ ಮಣ್ಣಿನ ಕಣರಚನೆ ಒಡೆದು ನೀರು ಇಂಗುವುದು ಕಡಿಮೆಯಾಗುತ್ತದೆ. ಸವಳು ಭೂಮಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಣ್ಣಿಗೆ ಬೇಕಾದದ್ದು ಕೃಷಿಗೆಂದೇ ಮಾರುವ ಪೊಟ್ಯಾಸಿಯಂ ರೂಪದ ಜೆಲ್, ಇಲ್ಲವೇ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಹೈಡ್ರೋಜೆಲ್‌ನಂಥದ್ದು. ಪೂಸಾ ಜೆಲ್‌ನ ಬೆನ್ನೆಲುಬು ಸಸ್ಯದ ಸೆಲ್ಯುಲೋಸ್, ನಮ್ಮ ದೇಶದ 40–50 ಡಿಗ್ರಿ ಬಿಸಿಮಣ್ಣಿನಲ್ಲೂ ಹೀರುವಂತೆ ಮಾಡಿದ್ದು, ಶುದ್ಧ ನೀರಿನಲ್ಲಿ ತೂಕದ 350 ಪಟ್ಟು ಹೀರುವಂಥದ್ದು. ಕೊಳ್ಳುವಾಗ ಪೊಟ್ಟಣದ ಮೇಲೆ ರಾಸಾಯನಿಕದ ಹೆಸರು, ತಯಾರಾದ ದಿನ, ಪ್ರಮಾಣ ಬರೆದಿರಬೇಕು. ಬರೀ ‘ಮ್ಯಾಜಿಕ್ ಕಾಳು’ ಎಂದಿದ್ದರೆ ಅಂಗಡಿಯಲ್ಲೇ ಬಿಟ್ಟುಬನ್ನಿ.

ಹೆಜ್ಜೆ 2: ಎಷ್ಟು ಪಟ್ಟು ಹೀರುತ್ತದೆ ಎಂದು ಅಳೆಯಿರಿ

ಪ್ರಯೋಗಾಲಯಗಳಲ್ಲಿ ಟೀ ಚೀಲದಲ್ಲಿ ಪುಡಿ ಹಾಕಿ ಅದ್ದಿ ಅಳೆಯುತ್ತಾರೆ. ನಾವು ಮಲ್ಲು ಬಟ್ಟೆಯಲ್ಲಿ ಅದನ್ನೇ ಮಾಡೋಣ.

ಅಂಗೈಗಿಂತ ದೊಡ್ಡದಾಗಿ, ಸುಮಾರು 15 ಸೆಂಟಿಮೀಟರ್ ಅಗಲ, 20 ಉದ್ದದ ಚೀಲ ಹೊಲಿಯಿರಿ. ಚೀಲ ಚಿಕ್ಕದಾದರೆ ಜೆಲ್ ಒಳಗೇ ಇರುಕಿಕೊಂಡು ಉಬ್ಬುವುದು ನಿಂತುಹೋಗುತ್ತದೆ, ಲೆಕ್ಕ ತಪ್ಪುತ್ತದೆ. ಮೊದಲು ಖಾಲಿ ಚೀಲವನ್ನು ನೀರಲ್ಲಿ ಅದ್ದಿ, ಹತ್ತು ನಿಮಿಷ ತೂಗುಹಾಕಿ ನೀರು ಬಸಿದು, ತೂಕ ಬರೆದುಕೊಳ್ಳಿ. ಆಮೇಲೆ ಚೀಲ ಒಣಗಿಸಿ, 0.5 ಗ್ರಾಂ ಕಾಳು ಹಾಕಿ, ಬಾಯಿ ಕಟ್ಟಿ, ಒಂದು ಲೀಟರ್ ಆರ್‌ಓ ನೀರಲ್ಲಿ ಮುಳುಗಿಸಿ. ನಯವಾದ ಪುಡಿಗೆ ಒಂದು ಗಂಟೆ ಸಾಕು. ದಪ್ಪ ಕಾಳಾದರೆ ರಾತ್ರಿಯಿಡೀ ಬಿಡಿ. ತೆಗೆದು, ಹಿಂಡದೆ, ಹತ್ತು ನಿಮಿಷ ಬಸಿದು ತೂಗಿ.

ಲೆಕ್ಕ ಹೀಗೆ: ಒಟ್ಟು ತೂಕ 128 ಗ್ರಾಂ, ಒದ್ದೆ ಚೀಲ 7.5 ಗ್ರಾಂ ಎಂದಿಟ್ಟುಕೊಳ್ಳಿ. ಜೆಲ್ 120.5 ಗ್ರಾಂ, ಅದರಲ್ಲಿ ಕಾಳು 0.5, ಅಂದರೆ ನೀರು 120 ಗ್ರಾಂ. 120 ಭಾಗಿಸು 0.5 ಅಂದರೆ 240 ಪಟ್ಟು.

ಇದೇ ಕೆಲಸವನ್ನು ಹೊಸ ಕಾಳಿನೊಂದಿಗೆ ನಿಮ್ಮ ಬೋರ್ ನೀರಿನಲ್ಲಿ ಮಾಡಿ. ಮೂರನೆಯದನ್ನು ಲೀಟರಿಗೆ 9 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಮಾಡಿ. ಮೂರು ಅಂಕಿಗಳನ್ನು ಅಕ್ಕಪಕ್ಕ ಬರೆದು ಕಣ್ಣೆದುರು ಇಟ್ಟುಕೊಳ್ಳಿ. ನಮ್ಮ ಮನೆಯ ಬೋರ್ ನೀರಿನಲ್ಲಿ ಬಂದದ್ದು ಆರ್‌ಓ ನೀರಿನ ಅರ್ಧಕ್ಕಿಂತಲೂ ಕಡಿಮೆ. ಪೊಟ್ಟಣದ ಮೇಲಿನ 400 ನನ್ನ ತಾರಸಿಗೆ ಸಂಬಂಧವೇ ಇಲ್ಲದ ಅಂಕಿಯಾಗಿತ್ತು. ಮುಂದಿನ ಎಲ್ಲ ಲೆಕ್ಕಕ್ಕೂ ಬೇಕಾದದ್ದು ನಿಮ್ಮ ನೀರಿನ ಅಂಕಿ, ಅದೊಂದೇ.

ಹೆಜ್ಜೆ 3: ಸ್ಪಂದನೆಯನ್ನು ಕಣ್ಣಾರೆ ನೋಡಿ

ಈ ಹೆಜ್ಜೆಯನ್ನು ಬಿಟ್ಟರೂ ಗಿಡ ಬೆಳೆಯುತ್ತದೆ. ಆದರೂ ಒಮ್ಮೆ ಮಾಡಿ, ಮನೆಯ ದೊಡ್ಡ ಮಕ್ಕಳನ್ನೂ ಕರೆದು ತೋರಿಸಿ. ಆರ್‌ಓ ನೀರಲ್ಲಿ ಉಬ್ಬಿದ ಜೆಲ್ಲನ್ನು ನಾಲ್ಕು ಗಾಜಿನ ಲೋಟಗಳಿಗೆ ಹಂಚಿ. ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಒಂದು ಚಮಚ ಪುಡಿ ಉಪ್ಪು ಉದುರಿಸಿ ಕಲಕಿ: ಮಂಜುಗಡ್ಡೆಯ ಚೂರಿನಂತೆ ನಿಂತಿದ್ದ ಜೆಲ್ ಸೌಟಿನ ಸುತ್ತಲೇ ಸಡಿಲಗೊಂಡು ನೀರು ಬಿಡುತ್ತದೆ. ಮೂರನೆಯದಕ್ಕೆ ವಿನೆಗರ್ ಸುರಿಯಿರಿ. ಹುಳಿಯಲ್ಲಿ ಎಳೆಗಳ ಋಣ ವಿದ್ಯುದಂಶ ಅಳಿದುಹೋಗುವುದರಿಂದ ಅವು ಒಂದನ್ನೊಂದು ತಳ್ಳುವುದನ್ನು ಬಿಡುತ್ತವೆ, ಜೆಲ್ ಕುಗ್ಗುತ್ತದೆ. ನಾಲ್ಕನೆಯದಕ್ಕೆ ಅರ್ಧ ಚಮಚ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ. ಇಲ್ಲಿ ಕುಗ್ಗುವುದಷ್ಟೇ ಅಲ್ಲ, ಚೂರುಗಳು ಬಿಳಿಚಿಕೊಂಡು ರಬ್ಬರಿನಂತಾಗುತ್ತವೆ.

ಒಂದು ಗಂಟೆಯ ನಂತರ ಎಲ್ಲವನ್ನೂ ಬಟ್ಟೆಯಲ್ಲಿ ಸೋಸಿ, ಆರ್‌ಓ ನೀರಲ್ಲಿ ಎರಡು ಮೂರು ಸಲ ತೊಳೆದು, ಹೊಸ ನೀರಲ್ಲಿ ಬಿಡಿ. ಉಪ್ಪಿನದು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಕ್ಯಾಲ್ಸಿಯಂನದು ಹಾಗೇ ಮುದುಡಿ ಕೂತಿರುತ್ತದೆ. ನಿಮ್ಮ ಬೋರ್ ನೀರಿನ ಕೊಡದ ತಳದಲ್ಲಿ ಬಿಳಿ ಪದರ ಕಟ್ಟುತ್ತದೆಯೇ, ಬೇಳೆ ಬೇಯಲು ಸತಾಯಿಸುತ್ತದೆಯೇ? ಹಾಗಿದ್ದರೆ ಮಣ್ಣಿನೊಳಗಿನ ಜೆಲ್‌ಗೂ ಕಾಲಕ್ರಮೇಣ ಈ ನಾಲ್ಕನೇ ಲೋಟದ ಗತಿ ಬರುತ್ತದೆ ಎಂದು ಲೆಕ್ಕಹಾಕಿ. ಅಂಥ ಕಡೆ ಜೆಲ್‌ಗೆ ದುಡ್ಡು ಹಾಕುವ ಮೊದಲು ಮಳೆನೀರು ಹಿಡಿಯುವ ಡ್ರಮ್‌ಗೆ ಹಾಕಿ ಎಂದೇ ನಾನು ಹೇಳುವುದು.

ಹೆಜ್ಜೆ 4: ಕ್ಯಾಲ್ಸಿಯಂನಿಂದಲೇ ಹುಟ್ಟುವ ಜೆಲ್ ಮಾಡಿ

ಒಂದು ಜೆಲ್ಲನ್ನು ಕೆಡಿಸುವ ಕ್ಯಾಲ್ಸಿಯಂ ಇನ್ನೊಂದನ್ನು ಕಟ್ಟುತ್ತದೆ. ಕಂದು ಕಡಲಪಾಚಿಯಿಂದ ತೆಗೆಯುವ ಸೋಡಿಯಂ ಆಲ್ಜಿನೇಟ್ ಇದಕ್ಕೆ ಸೊಗಸಾದ ಉದಾಹರಣೆ. ನಮ್ಮ ದೇಶದಲ್ಲಿ ಈ ಪಾಚಿಯನ್ನು ಕೊಯ್ಯುವುದು ಮುಖ್ಯವಾಗಿ ತಮಿಳುನಾಡಿನ ಕರಾವಳಿಯಲ್ಲಿ. ಬೇಕರಿ ಸಾಮಾನಿನ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ತಿನ್ನುವ ದರ್ಜೆಯ ಪುಡಿ ಸಿಗುತ್ತದೆ.

2 ಗ್ರಾಂ ಪುಡಿಯನ್ನು ಒಂದು ಚಮಚ ಸಕ್ಕರೆಯೊಂದಿಗೆ ಒಣಗಿದ್ದಾಗಲೇ ಬೆರೆಸಿ. ಸಕ್ಕರೆ ಕಣಗಳು ಪುಡಿಯನ್ನು ಬಿಡಿಸುವುದರಿಂದ ಗಂಟು ಕಟ್ಟುವುದಿಲ್ಲ. 100 ಮಿಲಿಲೀಟರ್ ಆರ್‌ಓ ನೀರಿಗೆ ಸ್ವಲ್ಪ ಸ್ವಲ್ಪವೇ ಉದುರಿಸುತ್ತ ಕಡೆದು, ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆಗೆ ಗುಳ್ಳೆಗಳೆಲ್ಲ ಏರಿಹೋಗಿ ಜೇನಿನಂಥ ದ್ರವ ಉಳಿದಿರುತ್ತದೆ. ಬೋರ್ ನೀರು ಬಳಸಿದರೆ ಅದರ ಕ್ಯಾಲ್ಸಿಯಂಗೆ ಪಾತ್ರೆಯಲ್ಲೇ ಎಳೆಎಳೆಯಾಗಿ ಹೆಪ್ಪುಗಟ್ಟೀತು. ಇನ್ನೊಂದು ಬಟ್ಟಲಲ್ಲಿ 100 ಮಿಲಿಲೀಟರ್ ನೀರಿಗೆ 2 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ. ಸೂಜಿ ತೆಗೆದ ಸಿರಿಂಜಿನಿಂದ ಆಲ್ಜಿನೇಟನ್ನು ಒಂದು ಗೇಣು ಮೇಲಿನಿಂದ ಹನಿಹನಿಯಾಗಿ ಬೀಳಿಸಿ.

ಹನಿ ನೀರಿಗೆ ಬಿದ್ದ ಕ್ಷಣ ಸಾಬಕ್ಕಿಯಂತೆ ಗುಂಡಗಾಗಿ ತಳ ಸೇರುತ್ತದೆ. ಒಂದು ನಿಮಿಷಕ್ಕೆ ಒಂದು ಮಣಿ ತೆಗೆದು ಉಗುರಿನಿಂದ ಸೀಳಿ: ತೆಳುವಾದ ಸಿಪ್ಪೆ, ಒಳಗೆ ಇನ್ನೂ ದ್ರವ. ಅರ್ಧ ಗಂಟೆಯ ನಂತರ ಇನ್ನೊಂದನ್ನು ಸೀಳಿ: ಈಗ ಒಳಗೂ ಗಟ್ಟಿ. ಕ್ಯಾಲ್ಸಿಯಂ ಹೊರಗಿನಿಂದ ಒಳಕ್ಕೆ ಸಾಗುತ್ತ ಎಳೆಗಳನ್ನು ಜೋಡಿಸುತ್ತ ಹೋದ ದಾರಿ ಅದು. ಈ ಜೋಡಣೆಯನ್ನು ವಿಜ್ಞಾನಿಗಳು 1973ರಿಂದ ಮೊಟ್ಟೆಯ ಪೆಟ್ಟಿಗೆಗೆ ಹೋಲಿಸುತ್ತ ಬಂದಿದ್ದಾರೆ: ಎರಡು ಎಳೆಗಳ ನಡುವಿನ ಗುಳಿಗಳಲ್ಲಿ ಕ್ಯಾಲ್ಸಿಯಂ ಮೊಟ್ಟೆಗಳಂತೆ ಕೂರುತ್ತದೆ. ಇದೇ ಮಣಿಗಳನ್ನು 100 ಮಿಲಿಲೀಟರಿಗೆ 2 ಗ್ರಾಂ ಸೋಡಿಯಂ ಸಿಟ್ರೇಟ್ ಕರಗಿಸಿದ ನೀರಲ್ಲಿ ಬಿಟ್ಟರೆ ಸಿಟ್ರೇಟ್ ಆ ಕ್ಯಾಲ್ಸಿಯಂ ಕಸಿದುಕೊಳ್ಳುತ್ತದೆ, ಮಣಿ ಉಬ್ಬಿ ಅಂಚು ಮಸುಕಾಗಿ ಕರಗುತ್ತದೆ.

ಆಲ್ಜಿನೇಟ್ ಗಾಯದ ಪಟ್ಟಿ ನಡೆಯುವುದೂ ಈ ಅದಲುಬದಲಿನಿಂದಲೇ. ಪಟ್ಟಿಯ ನಾರಿನ ಕ್ಯಾಲ್ಸಿಯಂ ಗಾಯದ ರಸದಲ್ಲಿನ ಸೋಡಿಯಂ ಜೊತೆ ಜಾಗ ಬದಲಿಸುತ್ತದೆ, ಒಣ ನಾರು ಲೋಳೆಯಾಗಿ ಗಾಯವನ್ನು ಪಸೆಯಾಗಿಡುತ್ತದೆ. ಮನೆಯಲ್ಲಿ ಮಾಡಿದ್ದನ್ನು ಗಾಯಕ್ಕೆ ಹಚ್ಚಬೇಡಿ, ಅದು ಕ್ರಿಮಿಶುದ್ಧವಲ್ಲ.

ಹೆಜ್ಜೆ 5: ಕಾಗದದ ಮೇಲೆ ಲೆಕ್ಕ

ಇದನ್ನು ಯಾರೂ ಹೇಳುವುದಿಲ್ಲ, ಆದರೆ ಇಡೀ ವಿಷಯದ ಕೀಲಿ ಇಲ್ಲಿದೆ. ಎಕರೆಗೆ 1ರಿಂದ 2 ಕಿಲೊ ಜೆಲ್ ಎಂಬುದು ಸಾಮಾನ್ಯ ಶಿಫಾರಸು. 2 ಕಿಲೊ, 350 ಪಟ್ಟು, ಅಂದರೆ ಪೂರ್ತಿ ತುಂಬಿದಾಗ 700 ಲೀಟರ್ ನೀರು. ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದೇ ಸುಮಾರು 4,000 ಲೀಟರ್. ಅಂದರೆ ಜೆಲ್ ಹಿಡಿಯುವುದು ಒಂದು ಮಿಲಿಮೀಟರ್ ಮಳೆಯ ಆರನೇ ಒಂದು ಭಾಗ! ಅದೂ ಶುದ್ಧ ನೀರಿನ ಲೆಕ್ಕದಲ್ಲಿ. ಮಣ್ಣಿನ ಭಾರ, ಮಣ್ಣಿನ ಲವಣ ಸೇರಿದರೆ ಇನ್ನೂ ಕಡಿಮೆ.

ಹಾಗಾದರೆ ಅದು ವ್ಯರ್ಥವೇ? ಹೊಲದ ತುಂಬ ಚೆಲ್ಲಿದರೆ ವ್ಯರ್ಥ. ಬೀಜದ ಸಾಲಿನಲ್ಲಿ, ಬೇರಿನ ಪಕ್ಕದಲ್ಲಿ ಇಟ್ಟರೆ ಅಲ್ಲ. ಮೊಳಕೆಗೆ ಮೊದಲ ಹತ್ತು ಹದಿನೈದು ದಿನ ಬೇಕಾದದ್ದು ಎಕರೆಯ ನೀರಲ್ಲ, ಬೇರಿನ ತುದಿಯ ಸುತ್ತ ಒಂದು ಗುಟುಕು. ಆ ಗುಟುಕು ಪ್ರತಿ ಹದಮಳೆಗೂ ಮತ್ತೆ ತುಂಬುತ್ತದೆ. ಜೆಲ್ ನೀರಾವರಿಗೆ ಬದಲಿಯಲ್ಲ. ಎರಡು ಮಳೆಗಳ ನಡುವೆ ಸಸಿಯನ್ನು ಉಳಿಸುವ ಸಾಧನ.

ಕುಂಡದಲ್ಲಿ ಲೆಕ್ಕ ತಲೆಕೆಳಗು. 10 ಲೀಟರ್ ಮಣ್ಣಿಗೆ 10 ಗ್ರಾಂ ಜೆಲ್, ನಿಮ್ಮ ನೀರಿನಲ್ಲಿ 100 ಪಟ್ಟು ಎಂದರೂ ಒಂದು ಲೀಟರ್ ನೀರು. ಅಷ್ಟು ಮಣ್ಣಿಗೆ ಅದು ದೊಡ್ಡ ಮೊತ್ತವೇ. ಅದಕ್ಕೇ ನನ್ನ ಅನುಭವದಲ್ಲಿ ಜೆಲ್‌ನ ನಿಜವಾದ ಜಾಗ ಕುಂಡ, ಸಸಿ ತಟ್ಟೆ, ಗಿಡ ನೆಡುವ ಗುಂಡಿ ಮತ್ತು ನಾಟಿಯ ಬೇರು.

ಮಣ್ಣೂ ಮುಖ್ಯ. ಕೋಲಾರ, ತುಮಕೂರು ಕಡೆಯ ಮರಳು ಮಿಶ್ರಿತ ಕೆಮ್ಮಣ್ಣು ನೀರನ್ನು ಬೇಗ ಬಿಟ್ಟುಬಿಡುತ್ತದೆ, ಅಲ್ಲಿ ಜೆಲ್‌ಗೆ ಕೆಲಸವಿದೆ. ಎರೆಮಣ್ಣು ತಾನೇ ನೀರು ಹಿಡಿದು ಹಿಗ್ಗಿ, ಒಣಗಿದಾಗ ಬಿರಿಯುವ ಮಣ್ಣು. ಅದಕ್ಕೆ ಜೆಲ್ ಸೇರಿಸಿ ಹೆಚ್ಚು ಲಾಭವಿಲ್ಲ; ಮಳೆ ಹಿಡಿದರೆ ಬೇರಿಗೆ ಗಾಳಿ ಸಿಗದೆ ಕೊಳೆಯುವ ಅಪಾಯವೇ ಹೆಚ್ಚು.

ಹೆಜ್ಜೆ 6: ಕುಂಡಕ್ಕೆ, ಗುಂಡಿಗೆ

ಲೀಟರ್ ಮಣ್ಣಿಗೆ 1 ಗ್ರಾಂನಿಂದ ಶುರುಮಾಡಿ, 2 ಗ್ರಾಂ ಮೀರಬೇಡಿ. ಒಣ ಕಾಳನ್ನು ಒಣ ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿಯ ಜೊತೆ ಒಂದೇ ಸಮ ಬೆರೆಸಿ. ಕುಂಡದ ಕೆಳಗಿನ ಮೂರರಲ್ಲಿ ಎರಡು ಭಾಗಕ್ಕೆ ಈ ಮಿಶ್ರಣ, ಮೇಲಿನ ನಾಲ್ಕು ಬೆರಳಿಗೆ ಜೆಲ್ ಇಲ್ಲದ ಮಣ್ಣು. ಬಿಸಿಲು ನೇರ ಬಿದ್ದರೆ ಜೆಲ್ ಒಣಗುವುದೂ ಬೇಗ, ಕೆಡುವುದೂ ಬೇಗ. ಉಬ್ಬಲು ಎಡೆಯಿರಲೆಂದು ಅಂಚಿನಿಂದ ಎರಡು ಅಂಗುಲ ಬಿಟ್ಟು ತುಂಬಿ. ಮೊದಲ ನೀರನ್ನು ಅರ್ಧ ಗಂಟೆ ಬಿಟ್ಟು ಬಿಟ್ಟು ಮೂರು ಸಲ ಕೊಡಿ. ಸಾಧ್ಯವಾದರೆ ಈ ಮೊದಲ ಸಲಕ್ಕಾದರೂ ಮಳೆನೀರು ಬಳಸಿ. ಮಣ್ಣು ಮೇಲೆದ್ದು ನಿಂತ ಮೇಲೆ ಸಸಿ ನೆಡಿ. ನಾನು ಮೊದಲ ಸಲ ಮಾಡಿದ ತಪ್ಪು ಇದೇ, ಉಬ್ಬುವ ಮೊದಲೇ ನೆಟ್ಟದ್ದು.

ಮಾವು, ನುಗ್ಗೆ, ನೆಲ್ಲಿಯಂಥ ಗಿಡದ ಗುಂಡಿಗೆ ಇಡೀ ಮಣ್ಣಿಗೆ ಬೆರೆಸಬೇಕಿಲ್ಲ. ಬೇರಿನ ಉಂಡೆಯ ಸುತ್ತ ಬೀಳುವ 40 ಲೀಟರಿನಷ್ಟು ಮಣ್ಣಿಗೆ 40 ಗ್ರಾಂ ಸಾಕು. ಮೇಲೆ ತರಗೆಲೆ, ಹುಲ್ಲಿನ ಹೊದಿಕೆ ಹಾಕಲೇಬೇಕು. ಹೊದಿಕೆಯಿಲ್ಲದ ಜೆಲ್‌ಗಿಂತ ಜೆಲ್ ಇಲ್ಲದ ಹೊದಿಕೆಯೇ ಮೇಲು, ಇದು ನನ್ನ ಖಚಿತ ಅಭಿಪ್ರಾಯ.

ಗೊಬ್ಬರದ ವಿಷಯದಲ್ಲಿ ಎಚ್ಚರ. ಯೂರಿಯಾ ಅಯಾನಾಗಿ ಒಡೆಯುವುದಿಲ್ಲ, ಕರಗಿದ ಹೊತ್ತಿಗೆ ಜೆಲ್‌ಗೆ ತೊಂದರೆ ಕೊಡದು. ಕ್ಯಾಲ್ಸಿಯಂ ನೈಟ್ರೇಟ್, ಜಿಂಕ್ ಸಲ್ಫೇಟ್, ಕಬ್ಬಿಣದ ಲವಣಗಳನ್ನು ಜೆಲ್ ಜೊತೆ ಒಟ್ಟಿಗೆ ಹಾಕಿದರೆ ನಾಲ್ಕನೇ ಲೋಟದ ಕಥೆಯೇ ಮರುಕಳಿಸುತ್ತದೆ. ಲಘು ಪೋಷಕಾಂಶಗಳನ್ನು ಎಲೆಯ ಮೇಲೆ ಸಿಂಪಡಿಸಿ.

ಹೆಜ್ಜೆ 7: ನಾಟಿಗೆ, ಬಿತ್ತನೆಗೆ

ಟೊಮೆಟೊ, ಮೆಣಸಿನಕಾಯಿ, ಬದನೆ ಸಸಿಗೆ, ಗುಳಿ ರಾಗಿಯ ನಾಟಿಗೆ ಬೇರದ್ದುವ ವಿಧಾನ ಅಗ್ಗ ಮತ್ತು ಫಲಕಾರಿ. ನಯವಾದ ಪುಡಿ 2 ಗ್ರಾಂ, ನೀರು ಒಂದು ಲೀಟರ್. ಅರ್ಧ ಗಂಟೆ ಬಿಟ್ಟರೆ ತೆಳು ಗಂಜಿಯಂತಾಗುತ್ತದೆ. ಸಸಿಯ ಬೇರನ್ನು ಅದ್ದಿ ಎತ್ತಿದಾಗ ಬೇರಿನ ಕೂದಲಿಗೆ ತೆಳುವಾದ ಹೊಳೆಯುವ ಪದರ ಹತ್ತಬೇಕು, ಮುದ್ದೆಯಾಗಿ ನೇತಾಡಬಾರದು. ಮುದ್ದೆಯಾದರೆ ಇನ್ನಷ್ಟು ನೀರು ಬೆರೆಸಿ. ಅದ್ದಿದ ಸಸಿಯನ್ನು ಬಿಸಿಲಲ್ಲಿಡದೆ ಕೂಡಲೇ ನೆಡಿ.

ಸಾಲು ಬಿತ್ತನೆಗೆ ಎಕರೆಗೆ ಹಿಡಿಯುವ 1–2 ಕಿಲೊ ಜೆಲ್ಲನ್ನು 10 ಕಿಲೊ ಜರಡಿ ಹಿಡಿದ ಒಣಮಣ್ಣಿನಲ್ಲಿ ಬೆರೆಸಿ, ಬೀಜ ಬೀಳುವ ಸಾಲಿನಲ್ಲೇ ಬಿಡಿ. ಒದ್ದೆ ಕೈ ತಾಗದಿರಲಿ, ಬೆರಳಿಗೆ ಅಂಟಿದರೆ ಬಿಡಿಸುವುದೇ ಕೆಲಸವಾಗುತ್ತದೆ. ಮೊದಲ ವರ್ಷ ಇಡೀ ಹೊಲಕ್ಕೆ ಹಾಕಬೇಡಿ. ನಾಲ್ಕು ಸಾಲು ಜೆಲ್, ಪಕ್ಕದಲ್ಲೇ ನಾಲ್ಕು ಸಾಲು ಹಾಗೇ. ಗೂಟ ನೆಟ್ಟು ಗುರುತು ಮಾಡಿ, ಮಳೆ ಕೈಕೊಟ್ಟ ಎಂಟನೇ ದಿನ ಬೆಳಿಗ್ಗೆ ಎರಡೂ ಕಡೆ ನಡೆದು ನೋಡಿ. ನಿಮ್ಮ ಹೊಲದ ಉತ್ತರ ಅಲ್ಲಿಯೇ ಸಿಗುತ್ತದೆ.

ಮಕ್ಕಳು, ಮೋರಿ, ರಾಸಾಯನಿಕ

ಅಲಂಕಾರಕ್ಕೆ, ಆಟಕ್ಕೆ ಮಾರುವ ಬಣ್ಣಬಣ್ಣದ ನೀರಿನ ಮಣಿಗಳನ್ನು ಚಿಕ್ಕ ಮಕ್ಕಳಿರುವ ಮನೆಗೆ ತರಲೇಬೇಡಿ. ಒಣಗಿದಾಗ ಸಾಸಿವೆಯಷ್ಟಿರುವ ಕಾಳು ನುಂಗಿದ ಮೇಲೆ ಕರುಳಿನಲ್ಲಿ ಉಬ್ಬಿ ದಾರಿ ಕಟ್ಟುತ್ತದೆ. ಬಹುಪಾಲು ನೀರೇ ಆದ್ದರಿಂದ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೂ ಇಲ್ಲ. ಅಮೆರಿಕದಲ್ಲಿ ಮಗುವೊಂದು ಸತ್ತ ಪ್ರಕರಣವಾಗಿ, 2023ರ ಕೊನೆಯಲ್ಲಿ ದೊಡ್ಡ ಮಳಿಗೆಗಳು ಇವನ್ನು ಮಕ್ಕಳ ಸಾಮಾನಾಗಿ ಮಾರುವುದನ್ನು ನಿಲ್ಲಿಸಿದವು. ಮಗು ನುಂಗಿದ ಅನುಮಾನ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ, ‘ನೀರಿನ ಮಣಿ’ ಎಂದು ಬಾಯಿಬಿಟ್ಟು ಹೇಳಿ; ಸಾಧ್ಯವಾದರೆ ಪೊಟ್ಟಣ ಒಯ್ಯಿರಿ. ಕಾಮಕಸ್ತೂರಿ ಬೀಜವನ್ನೂ ಮಕ್ಕಳಿಗೆ ಪೂರ್ತಿ ನೆನೆದ ಮೇಲೆಯೇ ಕೊಡಿ. ಕೃಷಿ ಜೆಲ್‌ನ ಪೊಟ್ಟಣ ಸಕ್ಕರೆ ಡಬ್ಬಿಯ ಹತ್ತಿರ ಸುಳಿಯಬಾರದು.

ಅಕ್ರಿಲಮೈಡ್ ತಂದು ಮನೆಯಲ್ಲಿ ಜೆಲ್ ತಯಾರಿಸುವ ಸಾಹಸ ಬೇಡ. ಬಲೆಯಾದ ಮೇಲೆ ಅದು ನಿರುಪದ್ರವಿ, ಬಿಡಿ ಅಣುವಾಗಿ ನರಗಳಿಗೆ ವಿಷ.

ಉಬ್ಬಿದ ಜೆಲ್ಲನ್ನು ಸಿಂಕಿಗೆ ಸುರಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಉಪ್ಪು ಉದುರಿಸಿ ಕುಗ್ಗಿಸಿ, ನೀರು ಬಸಿದು, ಉಳಿದದ್ದನ್ನು ಒಣಗಿಸಿ ಒಣಕಸಕ್ಕೆ ಹಾಕಿ. ಆ ಉಪ್ಪು ನೀರು ಗಿಡಕ್ಕೆ ಬೇಡ. ಪಾಲಿಅಕ್ರಿಲೇಟ್ ಮಣ್ಣಿನಲ್ಲಿ ಬೇಗ ಕೊಳೆಯುವ ವಸ್ತುವಲ್ಲ ಎಂಬುದನ್ನೂ ನೆನಪಿಡಿ. ವರ್ಷವರ್ಷವೂ ಸುರಿಯುವ ಅಭ್ಯಾಸಕ್ಕೆ ನಾನು ವಿರೋಧಿ. ಸೆಲ್ಯುಲೋಸ್, ಪಿಷ್ಟ ಆಧಾರಿತ ಜೆಲ್ ಸಿಕ್ಕರೆ ಅದನ್ನೇ ಆರಿಸಿ.

ಮತ್ತೆ ಯಾವಾಗ ಹಾಕಬೇಕು

ಆರು ತಿಂಗಳಿಗೊಮ್ಮೆ ಕುಂಡದ ಅಂಚಿನಲ್ಲಿ ಒಂದು ಗೇಣು ಆಳ ಕೆದಕಿ, ನೀರು ಹಾಕಿದ ಮರುದಿನ ನಾಲ್ಕು ಕಾಳು ಹುಡುಕಿ ತೆಗೆಯಿರಿ. ಅಂಗೈಯಲ್ಲಿಟ್ಟು ತೊಳೆದು ಬೆಳಕಿಗೆ ಹಿಡಿಯಿರಿ. ತಿಳಿಯಾಗಿ, ಮೆತ್ತಗೆ, ಬಿಳಿಬೇರಿನ ಎಳೆ ಅದರೊಳಗೇ ಹೊಕ್ಕಿದ್ದರೆ ಜೆಲ್ ಜೀವಂತವಾಗಿದೆ, ಏನೂ ಸೇರಿಸಬೇಡಿ. ಬಿಳಿಚಿಕೊಂಡು ಗಟ್ಟಿಯಾಗಿದ್ದರೆ ಒಂದು ರಾತ್ರಿ ಮಳೆನೀರಿನಲ್ಲಿ ಬಿಟ್ಟು ನೋಡಿ. ಬೆಳಿಗ್ಗೆಗೆ ಉಬ್ಬಿದ್ದರೆ ಅದು ಬರೀ ಉಪ್ಪಿನ ಭಾರ: ಕುಂಡಕ್ಕೆ ಎರಡು ಮೂರು ಸಲ ಮಳೆನೀರು ತುಂಬಿ ಹರಿಯುವಂತೆ ಹಾಕಿ ಮಣ್ಣು ತೊಳೆಯಿರಿ. ಉಬ್ಬದಿದ್ದರೆ ಕ್ಯಾಲ್ಸಿಯಂ ಗಂಟು ಬಿದ್ದಿದೆ. ಮುಂದಿನ ಸಲ ಮಣ್ಣು ಬದಲಿಸುವಾಗ ಲೀಟರಿಗೆ ಅರ್ಧ ಗ್ರಾಂ ಹೊಸ ಕಾಳು ಸೇರಿಸಿ, ಅಷ್ಟರೊಳಗೆ ತಾರಸಿಯ ಮಳೆನೀರಿನ ಕೊಳವೆಯನ್ನು ಡ್ರಮ್ಮಿಗೆ ಜೋಡಿಸಿಕೊಳ್ಳಿ.